ಪಕ್ಕದ ಮನೆಯ ಮೀನು, ನಮ್ಮವರ ಸಿಡಿಲಿನ ಹೆದರಿಕೆ

ಕಳೆದ ವರ್ಷ ನವರಾತ್ರಿ ಮುಗಿದು, ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇದ್ದ ಸಮಯ. ನಮ್ಮ ಕಡೆ ಆ ತಿಂಗಳೆಂದರೆ ಬೆಳಿಗ್ಗೆ ಚುರುಗುಟ್ಟುವ ಬಿಸಿಲು, ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಘಟ್ಟದ ಕಡೆಯಿಂದ ಕಪ್ಪು ಮೋಡ, ಆಮೇಲೆ ಗುಡುಗು. ಆ ಗುಡುಗಿನಿಂದಲೇ ಈ ಕತೆ ಶುರುವಾದದ್ದು.

ನಾವಿರುವುದು ಬಂಟ್ವಾಳದ ಮೆಲ್ಕಾರಿನಲ್ಲಿ, ನಡುವೆ ಒಂದೇ ಗೋಡೆ ಇರುವ ಜೋಡಿ ಬಾಡಿಗೆ ಮನೆಗಳಲ್ಲಿ ಒಂದರಲ್ಲಿ. ನನ್ನ ಗಂಡನಿಗೆ ಜಂಕ್ಷನ್ ಹತ್ತಿರ ಸಣ್ಣದೊಂದು ಕ್ಯಾಂಟೀನ್ ಇದೆ. ಗೋಡೆಯ ಆಚೆ ಬದಿಯಲ್ಲಿ ಝೊಹರಾ ಮತ್ತು ಅವಳ ಇಬ್ಬರು ಮಕ್ಕಳು. ಅವಳ ಗಂಡ ಇಮ್ತಿಯಾಝ್ ಸಮುದ್ರದಾಚೆ ದಮ್ಮಾಮಿನಲ್ಲಿ ಎ.ಸಿ. ರಿಪೇರಿಯ ಕೆಲಸದಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ರಜೆ. ಎದುರು ಸಿಕ್ಕರೆ ನಕ್ಕು, "ಹೇಗಿದ್ದೀರಿ ಅಕ್ಕ" ಎಂದು ಕೇಳಿ ಹೋಗುವವರು. ಅದಕ್ಕಿಂತ ಹೆಚ್ಚು ಮಾತು ನಮ್ಮ ನಡುವೆ ಆಗಿರಲಿಲ್ಲ.

ಕಳೆದ ಸಲ ರಜೆಯಲ್ಲಿ ಬಂದವರು ಮಕ್ಕಳಿಗೆಂದು ದೊಡ್ಡದೊಂದು ಮೀನಿನ ಟ್ಯಾಂಕ್ ತಂದು, ಅದರಲ್ಲಿ ಎರಡು ಡಿಸ್ಕಸ್ ಮೀನು ಬಿಟ್ಟು ಹೋಗಿದ್ದರು. ತಟ್ಟೆಯಂತೆ ಚಪ್ಪಟೆ, ಮೈಮೇಲೆ ನೀಲಿ ಕೆಂಪು ಗೆರೆ. ಮೊದಲ ಸಲ ನೋಡಿದಾಗ ನನ್ನ ಗಂಡ ಹೇಳಿದ್ದು ಒಂದೇ ಮಾತು: "ಒಳ್ಳೆ ಮಾಂಜಿ ಮೀನಿನ ಹಾಗೆ ಉಂಟು. ರವಾ ಫ್ರೈಗೆ ಆಗ್ತದೆ." ಝೊಹರಾಳ ಮಗಳು ಆಯಿಷಾ ವಾರವಿಡೀ ಇವರ ಹತ್ತಿರ ಮಾತಾಡಲಿಲ್ಲ.

ನನಗೆ ಆಶ್ಚರ್ಯವಾದದ್ದು ಮೀನಲ್ಲ, ಅದರ ಹೀಟರು. ಮೇ ತಿಂಗಳಲ್ಲಿ ಫ್ಯಾನಿನ ಕೆಳಗೂ ಬೆವರು ಒರೆಸಿಕೊಳ್ಳುವ ನಮ್ಮ ಊರಿನಲ್ಲಿ ಮೀನಿಗೆ ನೀರು ಕಾಯಿಸುವುದೇ? ಆದರೆ ಆ ಜಾತಿಯ ಮೀನಿಗೆ ನೀರು ಯಾವಾಗಲೂ ಒಂದೇ ಹದದಲ್ಲಿ ಬೆಚ್ಚಗೆ ಇರಬೇಕಂತೆ. ಮಳೆ ಬಂದು ತಣ್ಣಗಾದರೆ ಕಾಯಿಲೆ ಬೀಳುತ್ತದಂತೆ. ಮೊದಲು ತಂದ ಹೀಟರಿನ ಒಳಗೇ ಇದ್ದ ಸ್ವಿಚ್ಚು ಕೆಟ್ಟು, ಅದು ಬೇಕಾದಾಗ ಆನ್ ಆಗದೆ, ಬೇಡವಾದಾಗ ಆಫ್ ಆಗದೆ ಸತಾಯಿಸಿತ್ತು. ಅದಕ್ಕೇ ಇಮ್ತಿಯಾಝ್ ಅಲ್ಲಿಂದ ಪ್ರತ್ಯೇಕ ಒಂದು ಕಂಟ್ರೋಲರ್ ಡಬ್ಬಿ ಕಳಿಸಿದ್ದರು. ಹೀಟರಿನ ಪ್ಲಗ್ಗನ್ನು ಆ ಡಬ್ಬಿಗೆ ಹಾಕುವುದು. ಡಬ್ಬಿಯಿಂದ ಹೊರಟ ತೆಳ್ಳಗಿನ ಸೆನ್ಸರ್ ವಯರಿನ ತುದಿ ನೀರಿನೊಳಗೆ ಇರುತ್ತದೆ. ನೀರು ಇಪ್ಪತ್ತೊಂಬತ್ತು ಡಿಗ್ರಿಗಿಂತ ತಣ್ಣಗಾದರೆ ಡಬ್ಬಿ ಹೀಟರನ್ನು ಆನ್ ಮಾಡುತ್ತದೆ, ಅಲ್ಲಿಗೆ ಮುಟ್ಟಿದರೆ ಆಫ್ ಮಾಡುತ್ತದೆ. ಎಷ್ಟು ಡಿಗ್ರಿ ಎಂದು ಕೆಂಪು ಅಂಕಿಯಲ್ಲಿ ತೋರಿಸುತ್ತದೆ.

ಆ ದಿನಗಳಲ್ಲಿ ಮೂಡುಬಿದಿರೆಯಲ್ಲಿರುವ ಝೊಹರಾಳ ತಾಯಿಗೆ ಮಂಡಿಯ ಆಪರೇಷನ್ ಆಯಿತು. ಶಾಲೆಗೆ ರಜೆ ಇದ್ದುದರಿಂದ ಅವಳು ಮಕ್ಕಳನ್ನು ಕರೆದುಕೊಂಡು ತಾಯಿಮನೆಗೆ ಹೊರಟಳು. ಬೀಗದ ಕೈ ನನ್ನ ಕೈಯಲ್ಲಿಟ್ಟು, "ಅಕ್ಕ, ಎರಡು ಹೊತ್ತು ತಿಂಡಿ ಹಾಕಿ ಸಾಕು. ಮತ್ತೆ ಸಂಜೆ ಏಳೂವರೆಗೆ ಇವರು ವಿಡಿಯೋ ಕಾಲ್ ಮಾಡ್ತಾರೆ, ನನ್ನ ಹಳೇ ಫೋನು ಟ್ಯಾಂಕಿನ ಎದುರೇ ಉಂಟು. ಸ್ವಲ್ಪ ಮೀನು ತೋರಿಸ್ತೀರಾ?" ಎಂದಳು.

"ಹೆಂಡತಿ ಮಕ್ಕಳು ಮೂಡುಬಿದಿರೆಯಲ್ಲಿ, ಇವರಿಗೆ ಮೀನನ್ನು ನೋಡ್ಬೇಕಾ?" ಎಂದು ನಾನು ನಕ್ಕೆ. ಅವಳೂ ನಕ್ಕಳು. "ಮಕ್ಕಳು ಫೋನಿನ ಎದುರು ನಿಲ್ಲುದಿಲ್ಲ ಅಕ್ಕ, ಓಡ್ತವೆ. ಮೀನಾದ್ರೆ ನಿಲ್ತದೆ."

ಹಾಗೆ ದಿನಾ ಏಳೂವರೆಗೆ ನಾನು ಬೀಗ ತೆಗೆದು ಹೋಗುವುದು, ಫೋನ್ ಎತ್ತುವುದು, ಮೀನು ತೋರಿಸುವುದು. ಅವರು ಎರಡು ನಿಮಿಷ ನೋಡಿ, "ಥ್ಯಾಂಕ್ಸ್ ಅಕ್ಕ, ನಿಮಗೆ ತೊಂದರೆ" ಎಂದು ಇಡುತ್ತಿದ್ದರು. ನಾನೂ ಹೆಚ್ಚು ಮಾತಾಡುತ್ತಿರಲಿಲ್ಲ. ಪರಿಚಯವಿಲ್ಲದ ಗಂಡಸಿನ ಹತ್ತಿರ ಏನು ಮಾತಾಡುವುದು?

ಇನ್ನು ನನ್ನ ಗಂಡನ ವಿಷಯ. ಬೆಳ್ತಂಗಡಿಯಲ್ಲಿ ಇವರ ತಂಗಿಯ ಮನೆಗೆ ಹಿಂದೊಮ್ಮೆ ಸಿಡಿಲು ಬಡಿದು ಟಿವಿ, ಪಂಪು, ಮೀಟರ್ ಬೋರ್ಡು ಎಲ್ಲ ಸುಟ್ಟುಹೋಗಿತ್ತು. ನಮ್ಮ ಜಿಲ್ಲೆಯಲ್ಲಿ ಗುಡುಗಿದರೆ ಪ್ಲಗ್ ತೆಗೆಯದ ಮನೆಯೇ ಇಲ್ಲ, ಆದರೆ ಅಂದಿನಿಂದ ಇವರದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ದೂರದಲ್ಲಿ ಲಾರಿ ಸದ್ದು ಮಾಡಿದರೂ ಟಿವಿಯ ಪ್ಲಗ್ಗು ಹೊರಗೆ. ಪ್ಲಗ್ ತೆಗೆದರೆ ಸಾಲದು, ವಯರನ್ನು ಸುರುಳಿ ಸುತ್ತಿ ದೂರ ಇಡಬೇಕು. ನಾನು ಇವರನ್ನು "ಸಿಡಿಲು ಇಲಾಖೆ" ಎಂದೇ ಕರೆಯುವುದು.

ಆ ದಿನ ಇವರು ಊಟಕ್ಕೆ ಮನೆಗೆ ಬಂದಿದ್ದರು. ಕೈ ತೊಳೆಯುವಾಗಲೇ ಮೊದಲ ಗುಡುಗು. ನಮ್ಮ ಮನೆಯದ್ದೆಲ್ಲ ತೆಗೆದಾಯಿತು. ಆಮೇಲೆ ನೆನಪಾಗಿ, "ಅಯ್ಯೋ, ಝೊಹರಾನ ಮನೆ!" ಎಂದು ಬೀಗದ ಕೈ ಹಿಡಿದು ಓಡಿದರು. ಮಳೆ ಬಂತು, ಗುಡುಗು ಮೂಡಣಕ್ಕೆ ಸರಿಯಿತು. ಮೂರು ಗಂಟೆಯ ಹೊತ್ತಿಗೆ ಎರಡೂ ಮನೆಯ ಪ್ಲಗ್ಗುಗಳನ್ನು ಹಾಕಿ, ಕೊಡೆ ಹಿಡಿದುಕೊಂಡು ಕ್ಯಾಂಟೀನಿಗೆ ಹೋದರು. ಒಳ್ಳೆಯ ಕೆಲಸ ಮಾಡಿದರೆಂದೇ ನಾನೂ ಅಂದುಕೊಂಡೆ.

ಐದು ಗಂಟೆಗೆ ತಿಂಡಿ ಹಾಕಲು ಹೋದೆ. ಮೀನುಗಳು ತಿಂಡಿ ಮೂಸಿಯೂ ನೋಡಲಿಲ್ಲ. ಡಬ್ಬಿಯಲ್ಲಿ ಇಪ್ಪತ್ತಾರು ಎಂದು ತೋರಿಸುತ್ತಿತ್ತು. ಮಳೆಯಿಂದ ನೀರು ತಣ್ಣಗಾಗಿದೆ, ಪಾಪ ಚಳಿ ಎಂದುಕೊಂಡು ಒಂದು ದಪ್ಪ ಟವೆಲನ್ನು ಟ್ಯಾಂಕಿನ ಮುಚ್ಚಳದ ಮೇಲೆ ಹೊದೆಸಿ ಬಂದೆ.

ಏಳೂವರೆಗೆ ಫೋನ್ ಎತ್ತಿ ಟ್ಯಾಂಕಿನ ಕಡೆ ತಿರುಗಿಸಿದೆ. ಎರಡೂ ಮೀನು ಮೇಲಿನ ಮೂಲೆಯಲ್ಲಿ ನೀರಿನ ಅಂಚಿಗೆ ಬಾಯಿಟ್ಟು ಏದುಸಿರು ಬಿಡುತ್ತಿದ್ದವು. ಮೈಯ ಬಣ್ಣ ಕಪ್ಪಿಟ್ಟಿತ್ತು.

"ಅಕ್ಕ, ಎಂತಾಯ್ತು ಅದಕ್ಕೆ?" ಇಮ್ತಿಯಾಝ್ ಸ್ವರವೇ ಬೇರೆಯಾಗಿತ್ತು. (ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ನೀರು ತುಂಬಾ ತಣ್ಣಗೆ ಆಗಿದೆ ಅಂತ ಕಾಣ್ತದೆ. ಡಬ್ಬಿಯಲ್ಲಿ ಇಪ್ಪತ್ತಾರು ಉಂಟು. ನಾನು ಟವೆಲ್ ಹೊದೆಸಿದ್ದೇನೆ."

"ಅಕ್ಕ, ಡಬ್ಬಿಯನ್ನು ಬಿಡಿ. ಮೊದಲು ಅದರ ಪ್ಲಗ್ ತೆಗೀರಿ, ಆಮೇಲೆ ನೀರಿಗೆ ಕೈ ಹಾಕಿ ನೋಡಿ."

ಹಾಕಿದೆ. "ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಕೈ ಹಾಕಿದ್ದೇ ಗೊತ್ತಾಗುದಿಲ್ಲ."

"ಹಾಗಾದ್ರೆ ಅದು ನಿಮ್ಮ ಮೈಯಷ್ಟೇ ಬಿಸಿ ಉಂಟು ಅಕ್ಕ! ಮೀನಿಗೆ ಅದು ಜ್ವರ ಬಂದ ಹಾಗೆ. ಟವೆಲ್ ತೆಗೀರಿ, ಮುಚ್ಚಳ ತೆಗೀರಿ. ಸೆನ್ಸರ್ ವಯರ್ ಎಲ್ಲುಂಟು ನೋಡಿ."

ನೀರಿನಲ್ಲಿ ಇರಲಿಲ್ಲ. ಹುಡುಕಿದರೆ, ಕಿಟಕಿಯ ಸರಳಿಗೆ ಅಂದವಾಗಿ ಸುರುಳಿ ಸುತ್ತಿ ಸಿಕ್ಕಿಸಿಟ್ಟಿತ್ತು! ಆ ಸುತ್ತು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ನಮ್ಮ ಇಲಾಖೆಯದ್ದೇ ಕೆಲಸ. ಹೊರಗಿನ ಮಳೆಗಾಳಿಯ ತಂಪನ್ನೇ ನೀರಿನ ತಂಪೆಂದು ತಿಳಿದು ಆ ಡಬ್ಬಿ ಮೂರು ಗಂಟೆಯಿಂದ ಬಿಡದೆ ನೀರು ಕಾಯಿಸಿತ್ತು.

ಅಷ್ಟರಲ್ಲಿ ಇವರು ಕ್ಯಾಂಟೀನ್ ಮುಚ್ಚಿ ಬಂದವರು ನನ್ನ ಕೂಗು ಕೇಳಿ ಒಳಗೆ ಬಂದರು. "ನೀರಿನೊಳಗೆ ವಯರ್ ಇದ್ರೆ ಸಿಡಿಲು ಮೀನಿಗೇ ಹೋಗ್ತದಲ್ಲ ಮಾರಾಯ್ತಿ! ಅದಕ್ಕೆ ತೆಗೆದಿಟ್ಟೆ. ಪ್ಲಗ್ ಹಾಕುವಾಗ ಅದು ನೆನಪಾಗ್ಲಿಲ್ಲ," ಎಂದವರು ಟ್ಯಾಂಕಿನ ಹತ್ತಿರ ಬಗ್ಗಿ ಮೀನಿನ ಅವಸ್ಥೆ ನೋಡಿದರು. ಮುಖ ಸಣ್ಣದಾಯಿತು.

ಇಮ್ತಿಯಾಝ್ ಹೇಳಿದಂತೆ ಸೆನ್ಸರನ್ನು ನೀರಿಗೆ ಬಿಟ್ಟು ಡಬ್ಬಿಯ ಪ್ಲಗ್ ಹಾಕಿದೆವು. ಕೆಂಪು ಅಂಕಿ ನೋಡುತ್ತಿದ್ದಂತೆ ಏರಿತು. ಮೂವತ್ತು, ಮೂವತ್ತೆರಡು, ಕೊನೆಗೆ ಮೂವತ್ತೈದರಲ್ಲಿ ನಿಂತಿತು. ನಾನು ಫ್ರಿಜ್ಜಿನಿಂದ ಐಸ್ ಟ್ರೇ ತರಲು ಓಡಿದೆ. "ಐಸ್ ಬೇಡ ಅಕ್ಕ, ಬೇಡ!" ಎಂದು ದಮ್ಮಾಮಿನಿಂದ ಕೂಗು. "ಒಮ್ಮೆಲೇ ತಣ್ಣಗಾದ್ರೂ ಅದು ಉಳಿಯುದಿಲ್ಲ. ನಿಧಾನ ಇಳಿಯಬೇಕು. ಫ್ಯಾನ್ ಹಾಕಿ, ಗುಳ್ಳೆ ಬಿಡುವ ಪಂಪು ಜೋರು ಮಾಡಿ. ಬಿಸಿ ನೀರಿನಲ್ಲಿ ಗಾಳಿ ಕಡಿಮೆ, ಅದಕ್ಕೆ ಉಸಿರು ಕಟ್ತಾ ಉಂಟು."

ಟೇಬಲ್ ಫ್ಯಾನ್ ತಂದು ಹಾಕಿ ಐದು ನಿಮಿಷವಾಗಿರಲಿಲ್ಲ, ಕರೆಂಟು ಹೋಯಿತು. ಫ್ಯಾನೂ ನಿಂತಿತು, ಪಂಪೂ ನಿಂತಿತು. ವೈಫೈ ಹೋಗಿ ಇಮ್ತಿಯಾಝ್ ಮುಖವೂ ಮಾಯವಾಯಿತು. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಒಂದು ಮೀನು ಓರೆಯಾಗಿ ವಾಲುವುದು ಕಂಡಿತು. ನನಗೆ ಅಳುವೇ ಬಂತು. ಆಯಿಷಾಳಿಗೆ ಏನೆಂದು ಹೇಳುವುದು? ನಂಬಿ ಬೀಗದ ಕೈ ಕೊಟ್ಟು ಹೋದವಳಿಗೆ ಏನೆಂದು ಹೇಳುವುದು?

ನನ್ನ ಗಂಡ ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಮಗ್ಗು ತಂದರು. ಅಂಗಿಯ ತೋಳು ಮೇಲೆ ಮಾಡಿ, ಟ್ಯಾಂಕಿನಿಂದ ನೀರು ತೆಗೆದು, ಕೈಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ, ಸಪೂರ ಧಾರೆಯಾಗಿ ವಾಪಸ್ ಟ್ಯಾಂಕಿಗೇ ಹೊಯ್ದರು. ನೀರಿನ ಮೇಲೆ ನೊರೆ ಎದ್ದಿತು. ಮತ್ತೆ ತೆಗೆದರು, ಮತ್ತೆ ಹೊಯ್ದರು.

"ಎಂತ ಮಾಡುದು ನೀವು?"

"ಬಸ್ಸಿಗೆ ಹೊತ್ತಾಯ್ತು ಅಂತ ಗಡಿಬಿಡಿ ಮಾಡುವವರಿಗೆ ಚಾ ತಣಿಸಿ ಕೊಡುದಿಲ್ವಾ? ಹಾಗೆ. ಎತ್ತಿ ಹೊಯ್ದ್ರೆ ಬಿಸಿಯೂ ಇಳೀತದೆ, ಗಾಳಿಯೂ ಸೇರ್ತದೆ. ನೀನು ಲೈಟ್ ಹಿಡಿ."

ಇಪ್ಪತ್ತು ವರ್ಷದಿಂದ ಚಾ ಎತ್ತಿ ಹೊಯ್ಯುವ ಕೈ ಅದು. ಒಂದು ಹನಿ ಹೊರಗೆ ಬೀಳಲಿಲ್ಲ. ನಾನು ಹಳೇ ಫೋನಿನಲ್ಲಿ ನಂಬರ್ ನೋಡಿ, ನನ್ನ ಫೋನಿನಿಂದ ಇಮ್ತಿಯಾಝ್‌ಗೆ ಮತ್ತೆ ಕಾಲ್ ಮಾಡಿ ತೋರಿಸಿದೆ. ಅವರು ನೋಡಿದವರೇ, "ಅದೇ ಅಣ್ಣ, ಅದೇ! ನಿಲ್ಲಿಸಬೇಡಿ!" ಎಂದರು. ನಡುನಡುವೆ, ಟ್ಯಾಂಕಿನ ನೀರು ಬದಲಾಯಿಸಲೆಂದು ಝೊಹರಾ ಬಕೆಟಿನಲ್ಲಿ ಹಿಡಿದಿಟ್ಟಿದ್ದ ನೀರನ್ನು ಒಂದೊಂದೇ ಚೊಂಬು ಸೇರಿಸಲು ಹೇಳಿದರು. ಬಲಗೈ ಸೋತಾಗ ಇವರು ಎಡಗೈಗೆ ಬದಲಾಯಿಸಿದರು. ನಾನೊಮ್ಮೆ ಮಗ್ಗು ತೆಗೆದುಕೊಂಡು ಹೊಯ್ಯಲು ಹೋಗಿ ಅರ್ಧ ನೀರನ್ನು ಸೋಫಾಕ್ಕೆ ಅಭಿಷೇಕ ಮಾಡಿದೆ. "ನೀನು ಲೈಟ್ ಹಿಡಿ ಅಂತ ಹೇಳಿದ್ದಲ್ವಾ?" ಎಂದು ಇವರು ಗದರಿದಾಗ ಫೋನಿನಲ್ಲಿ ಇಮ್ತಿಯಾಝ್ ನಕ್ಕದ್ದು ಕೇಳಿಸಿತು.

ಕರೆಂಟು ಬರುವಷ್ಟರಲ್ಲಿ ವಾಲಿದ್ದ ಮೀನು ನೆಟ್ಟಗಾಗಿತ್ತು. ಡಬ್ಬಿಯಲ್ಲಿ ಮೂವತ್ತೆರಡು. ಪಂಪು ಮತ್ತೆ ಗುಳ್ಳೆ ಬಿಡತೊಡಗಿತು. ಸ್ವಲ್ಪ ಹೊತ್ತಿಗೆ ಎರಡೂ ಮೀನು ಮೇಲಿನ ಮೂಲೆ ಬಿಟ್ಟು ನಿಧಾನವಾಗಿ ಕೆಳಗಿಳಿದವು. ನನ್ನ ಗಂಡ ನೆಲದ ಮೇಲೆ ಕುಳಿತೇಬಿಟ್ಟರು.

"ಇಮ್ತಿಯಾಝ್, ತಪ್ಪು ನನ್ನದು ಮಾರಾಯ," ಎಂದರು.

"ತಪ್ಪಲ್ಲ ಅಣ್ಣ. ಮೀನಿಗೆ ಸಿಡಿಲು ಬಡೀಬಾರದು ಅಂತ ಯೋಚನೆ ಮಾಡಿದವರು ಈ ಊರಿನಲ್ಲಿ ನೀವೊಬ್ಬರೇ ಇರ್ಬೇಕು," ಎಂದರು ಅವರು. ನಮಗೆ ಮೂವರಿಗೂ ನಗು ತಡೆಯಲಾಗಲಿಲ್ಲ.

ನಾನು ಇನ್ನೇನು ಫೋನ್ ಇಡಬೇಕು, ಆಗ ಅವರು ಸ್ವಲ್ಪ ಸಂಕೋಚದಿಂದ, "ಅಕ್ಕ, ಅವಸರ ಇಲ್ಲದಿದ್ರೆ ಫೋನನ್ನು ಹಾಗೇ ಅಲ್ಲಿ ಇಟ್ಟುಬಿಡಿ. ನೀವು ಮಾತಾಡಿಕೊಂಡು ಇರಿ. ಇಷ್ಟು ದಿನ ಪಂಪಿನ ಸದ್ದು ಮಾತ್ರ ಇತ್ತು. ಇವತ್ತು ನನ್ನ ಮನೆಯಲ್ಲಿ ಮಾತು ಕೇಳಿತು," ಎಂದರು.

ಆಗ ನನಗೆ ಅರ್ಥವಾಯಿತು. ಅವರು ದಿನಾ ಕಾಲ್ ಮಾಡುತ್ತಿದ್ದದ್ದು ಮೀನು ನೋಡಲು ಮಾತ್ರವಲ್ಲ. ಫೋನನ್ನು ಟ್ಯಾಂಕಿನ ಎದುರು ನಿಲ್ಲಿಸಿದರೆ ಮೀನಿನ ಹಿಂದಿನಿಂದ ಮಕ್ಕಳ ಜಗಳ, ಕುಕ್ಕರಿನ ಸೀಟಿ, ಝೊಹರಾಳ ಗದರಿಕೆ ಎಲ್ಲ ಕೇಳುತ್ತದೆ. ಅಷ್ಟು ಹೊತ್ತು ಅವರು ಮನೆಯಲ್ಲಿರುತ್ತಾರೆ. ನಾನೋ, ಎರಡು ನಿಮಿಷ ತೋರಿಸಿ ಫೋನಿಟ್ಟು ಬೀಗ ಹಾಕಿ ಬರುತ್ತಿದ್ದೆ.

ನಮ್ಮ ಊಟವನ್ನು ಆ ರಾತ್ರಿ ಅಲ್ಲಿಗೇ ತಂದೆ. ಬಂಗುಡೆ ಮೀನಿನ ಸಾರು ಮಾಡಿದ್ದೆ. ಇವರು ಟ್ಯಾಂಕನ್ನೊಮ್ಮೆ, ಪಾತ್ರೆಯನ್ನೊಮ್ಮೆ ನೋಡಿ, "ಇವುಗಳ ಎದುರು ಅದು ಬೇಡ. ಮಜ್ಜಿಗೆ ಉಂಟಾ?" ಎಂದರು. ಮಜ್ಜಿಗೆ, ಉಪ್ಪಿನಕಾಯಿ, ಕುಚ್ಚಲಕ್ಕಿ ಅನ್ನ. ಫೋನು ಟ್ಯಾಂಕಿಗೆ ಒರಗಿ ನಿಂತಿತ್ತು. ದಮ್ಮಾಮಿನಲ್ಲಿ ಅವರೂ ತಟ್ಟೆ ಎದುರಿಟ್ಟುಕೊಂಡಿದ್ದರು. ಆ ಊಟದ ರುಚಿ ಈಗಲೂ ನನ್ನ ಬಾಯಲ್ಲಿದೆ.

ಝೊಹರಾಳಿಗೆ ಈ ವಿಷಯವನ್ನು ನನ್ನ ಗಂಡನೇ ಹೇಳಿದರು, ಚಾ ಹೊಯ್ದ ಭಾಗವನ್ನು ಸ್ವಲ್ಪ ಉದ್ದ ಮಾಡಿ. ಅವಳು ಸೆನ್ಸರ್ ವಯರನ್ನು ಗಾಜಿಗೆ ಗಟ್ಟಿಯಾಗಿ ಸಿಕ್ಕಿಸಿದಳು. ಇಮ್ತಿಯಾಝ್ ಹೇಳಿದರೆಂದು ಟ್ಯಾಂಕಿನೊಳಗೆ ಬೇರೆಯೇ ಒಂದು ಸಾದಾ ಥರ್ಮಾಮೀಟರ್ ಕೂಡ ಅಂಟಿಸಿದಳು. ಒಂದು ಸುಳ್ಳು ಹೇಳಿದರೆ ಇನ್ನೊಂದು ನಿಜ ಹೇಳಬೇಕಲ್ಲ ಎಂದು. ಗುಡುಗಿದರೆ ಆ ಮನೆಯ ಪ್ಲಗ್ ತೆಗೆಯುವ ಕೆಲಸ ಮಾತ್ರ ಈಗಲೂ ನಮ್ಮವರದ್ದೇ. ವಾಪಸ್ ಹಾಕಿದ ಮೇಲೆ ಎರಡೂ ಅಂಕಿ ಸರಿಯಿದೆಯೇ ನೋಡಿಯೇ ಬರುತ್ತಾರೆ. ಆಯಿಷಾ ಹಿಂದೆ ನಿಂತು ಪರೀಕ್ಷೆ ಮಾಡುತ್ತಾಳೆ.

ಈಗಲೂ ಸಂಜೆ ಏಳೂವರೆಗೆ ಗೋಡೆಯ ಆಚೆ ಫೋನು ರಿಂಗಾಗುತ್ತದೆ. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡುತ್ತೇನೆ. ಇವರು, "ಎಂತ ಬೊಬ್ಬೆ ನಿನ್ನದು?" ಎಂದು ಅದಕ್ಕಿಂತ ಜೋರಾಗಿ ಕೇಳುತ್ತಾರೆ. ನಡುವೆ ಇರುವುದು ಒಂದೇ ಗೋಡೆಯಲ್ಲವೇ? ಕೇಳಲಿ, ದಮ್ಮಾಮಿನವರೆಗೂ.