ಚೂರೂ ಉಳಿಯಬಾರದು

ಕರುಳು ತೊಳೆಯುವ ಪುಡಿಯನ್ನು ಜಗ್ಗಿನ ನೀರಿಗೆ ಸುರಿದೆ. ಆ ಸುಳ್ಳು ನಿಂಬೆಹಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ದೆಹಲಿಯ ದ್ವಾರಕಾದಲ್ಲಿ ನಮ್ಮ ಪಕ್ಕದ ಫ್ಲಾಟಿನಲ್ಲಿದ್ದ ಆಂಟಿ ಕಣ್ಣ ಮುಂದೆ ಬಂದರು... ಇದೇ ನೀರನ್ನು ಕುಡಿಯುತ್ತಾ ಮುಖ ಸಿಂಡರಿಸಿ, "ಇದನ್ನ ಕಂಡುಹಿಡಿದವನಿಗೇ ಮೊದಲು ಕುಡಿಸಬೇಕು ಕಣೇ" ಎಂದಿದ್ದರು.

ದ್ವಾರಕಾಕ್ಕೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ ಅದು. ಮೈಸೂರಿನವರಾದ ಆಂಟಿ ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾಗಿ ಒಬ್ಬರೇ ಇದ್ದರು. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿಗೆ ಜೊತೆಗೊಬ್ಬರು ಬೇಕೆಂದಾಗ ನಾನು ಆಫೀಸಿಗೆ ರಜೆ ಹಾಕಿ ಹೋದೆ. ದೊಡ್ಡ ಕರುಳಿನಲ್ಲಿ ಚಪ್ಪಟೆಯಾದ ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆದ ಗಂಟಿನಂಥದ್ದು, ಸಿಕ್ಕಿತು. ಡಾಕ್ಟರು ಅಲ್ಲೇ ತೆಗೆದರು.

ಮಂಪರು ಇಳಿದ ಮೇಲೆ ಕರೆದು, "ಹೋ ಗಯಾ, ಮಾತಾಜಿ. ಪೂರಾ ತೆಗೆದಿದ್ದೀವಿ. ಇನ್ನು ಮೂರು ವರ್ಷ ಈ ಕಡೆ ಬರಬೇಡಿ" ಎಂದು ಹಿಂದಿಯಲ್ಲಿ ಹೇಳಿ ಎದ್ದರು.

ಆಂಟಿ ಏಳಲಿಲ್ಲ. "ಇಡಿಯಾಗಿ ಬಂತೋ, ಚೂರುಚೂರಾಗಿ ಬಂತೋ?"

"ಚೂರುಚೂರಾಗಿ. ದೊಡ್ಡದಿತ್ತಲ್ಲ."

"ಹಾಗಾದರೆ ಅಂಚಿನಲ್ಲಿ ಏನೂ ಉಳಿದಿಲ್ಲ ಅಂತ ಹೇಗೆ ಗೊತ್ತು?"

ಡಾಕ್ಟರ ಮುಖ ಕೆಂಪಾಯಿತು. "ಡಾಕ್ಟರ್ ನಾನೋ, ನೀವೋ?"

"ಡಾಕ್ಟರ್ ನೀವು. ಕರುಳು ನನ್ನದು."

ಆಟೋದಲ್ಲಿ ಬರುವಾಗ ಹೇಳಿದರು: "ನಮ್ಮಣ್ಣನಿಗೂ ಪೂರಾ ತೆಗೆದಿದ್ದೀವಿ ಅಂದ್ರು. ಅವನು ಕೈಮುಗಿದು ಬಂದ. ಉಳಿದದ್ದು ಬೆಳೆದು ಕ್ಯಾನ್ಸರ್ ಆಯ್ತು. ನಾನು ಮಾತ್ರ ಕೈಮುಗಿಯಲ್ಲ."

ನಮ್ಮ ಫ್ಲಾಟುಗಳ ಸೊಸೈಟಿಯವರೆಲ್ಲ ಅವರಿಗೆ ಭಯದ ಹುಚ್ಚು ಎಂದರು. ಭಯವೇ? ನನಗೆ ಕಂಡದ್ದು ಸಿಟ್ಟು... ಆರು ತಿಂಗಳಿಗೆ ಮತ್ತೆ ಆ ನೀರು ಕುಡಿದು ಬೇರೊಂದು ಆಸ್ಪತ್ರೆಗೆ ಹೋದರು. ಅಲ್ಲಿನ ಲೇಡಿ ಡಾಕ್ಟರು ಹಳೆಯ ಕಲೆಯನ್ನು ನೀರು ಬಿಟ್ಟು ತೊಳೆದು, ಸುತ್ತಲೂ ನಿಧಾನವಾಗಿ ನೋಡಿದರು. ಅಂಚಿನಲ್ಲಿ ಎಳ್ಳಿನಷ್ಟು ಉಳಿದಿತ್ತು. ಅದನ್ನು ಕತ್ತರಿಸಿ, ಸುತ್ತಲಿನ ಅಂಚನ್ನೂ ಸುಟ್ಟರು. ಮುಂದಿನ ವರ್ಷ ನೋಡಿದಾಗ ಕರುಳು ಪೂರ್ತಿ ಸ್ವಚ್ಛ.

ಆಂಟಿ ಅಷ್ಟಕ್ಕೇ ಬಿಡಲಿಲ್ಲ. ಆ ಎಳ್ಳಿನಷ್ಟರ ಫೋಟೋ ಹಿಡಿದು ಮೊದಲಿನ ಡಾಕ್ಟರ ಬಳಿಗೆ ನನ್ನನ್ನೂ ಎಳೆದುಕೊಂಡು ಹೋದರು. ಮೇಜಿನ ಮೇಲಿಟ್ಟು, "ನನಗೆ ಸಾರಿ ಬೇಡ. ಮುಂದೆ ಬರೋರಿಗೆ ಅಂಚು ನೋಡಿ" ಎಂದರು. ಡಾಕ್ಟರು ಬಹಳ ಹೊತ್ತು ಫೋಟೋ ನೋಡುತ್ತಿದ್ದರು. ಆಮೇಲೆ ತಾವೇ ಎದ್ದು ಅವರಿಗೆ ಕುರ್ಚಿ ಎಳೆದುಕೊಟ್ಟರು.

ಹೋದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಹೃದಯ ನಿಂತು. ಅಣ್ಣನನ್ನು ಕೊಂದ ರೋಗಕ್ಕೆ ಅವರು ಸಿಗಲಿಲ್ಲ. ನಾಳೆ ನನ್ನ ಕರುಳಿನ ಪರೀಕ್ಷೆ. ನನ್ನ ಪರವಾಗಿ ಜಗಳವಾಡಲು ಅವರಿಲ್ಲ...

ನಾನೇ ಆಡುತ್ತೇನೆ.