ಸೆಲ್ವರಾಜನ ಕಿವಿ

ಉರಿಗಾಂನಲ್ಲಿ ಸೆಲ್ವರಾಜನ ಕಿವಿ ಅಂದರೆ ಕೋರ್ಟು ತೀರ್ಪಿದ್ದ ಹಾಗೆ. ಮದುವೆ ಆರತಕ್ಷತೆಗಳಿಗೆ ಹಾಡುವ ನಮ್ಮ ಆರ್ಕೆಸ್ಟ್ರಾದ ಮೈಕ್‌ಸೆಟ್ ಅವನದು. ಯಾರ ಶ್ರುತಿ ಜಾರಿತು, ಯಾರ ಗಂಟಲು ಕೆಟ್ಟಿತು ಅಂತ, ದನಿ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂತು ಅವನು ಹೇಳಿದ ಮೇಲೆ ಮಾತು ಮುಗಿಯಿತು. ನಾನು ಬೇತಮಂಗಲದ ಮುನಿಸ್ವಾಮಪ್ಪ, ಇಪ್ಪತ್ತೆರಡು ವರ್ಷ ಅದೇ ತಂಡದಲ್ಲಿ ಡೋಲಕ್ ನುಡಿಸಿದವನು. ಆ ತೀರ್ಪುಗಳಿಗೆಲ್ಲ ತಲೆಯಾಡಿಸಿದವನೂ ನಾನೇ. ಅದಕ್ಕೇ ಇದನ್ನು ಬರೆಯುವಾಗ ನನ್ನ ಮೇಲೂ ಸಿಟ್ಟು ಬರುತ್ತದೆ.

ಸೆಲ್ವರಾಜನ ಅಪ್ಪ ನಂದಿದುರ್ಗದ ಚಿನ್ನದ ಗಣಿಯಲ್ಲಿ ಬಂಡೆ ಕೊರೆದು ಕೊರೆದು ಕಿವುಡನಾದ. ಅವನ ಹತ್ತಿರ ಮನೆಯವರೆಲ್ಲ ಕೂಗಿಯೇ ಮಾತಾಡಬೇಕಿತ್ತು. ಮಗ ತನ್ನ ಕಿವಿಯನ್ನು ಮೆರೆಸಿಕೊಂಡು ತಿರುಗಿದ, ಅದೂ ಮೂವತ್ತು ವರ್ಷ ಸ್ಪೀಕರ್ ಡಬ್ಬಗಳ ಪಕ್ಕದಲ್ಲೇ ಕೂತುಕೊಂಡು!

ಅವನ ಹೆಂಡತಿ ಇಂದ್ರಾಣಿ ನಮ್ಮ ಗಾಯಕಿ. ಅವಳು ತಾರಸ್ಥಾಯಿಗೆ ಏರಿದರೆ ಅಡುಗೆಯವರೂ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಲ್ಲುತ್ತಿದ್ದರು. ಎಂಟು ವರ್ಷದ ಹಿಂದೆ ಬಂಗಾರಪೇಟೆಯ ಒಂದು ಆರತಕ್ಷತೆಯಲ್ಲಿ ಗಂಡಿನ ಕಡೆಯವರೊಬ್ಬರು ವೇದಿಕೆಯ ಹತ್ತಿರ ಬಂದು, "ಆಯಮ್ಮನ ದನಿ ಕಿವಿ ಕೊರೀತೈತೆ, ನಿಲ್ಲಿಸ್ರಪ್ಪಾ" ಅಂದರು. ಅಂಥ ದೂರು ಅದೇ ಮೊದಲಲ್ಲ. ಸಾಮಾನು ಇಳಿಸಲು ನನ್ನನ್ನೂ ಕರೆದುಕೊಂಡು ಮನೆಗೆ ಬಂದ ಸೆಲ್ವರಾಜ್, "ನಿನ್ ಗಂಟ್ಲು ಓಯ್ತು. ಮೇಲಿನ ಸ್ವರದಾಗೆ ಜೀವಾನೇ ಇಲ್ಲ. ಇನ್ ಸ್ಟೇಜ್ ಬ್ಯಾಡ" ಅಂದುಬಿಟ್ಟ.

ಜನ ಕಿವಿ ಕೊರೆಯುತ್ತದೆ ಅಂದರು, ಇವನು ಜೀವ ಇಲ್ಲ ಅಂದ. ಎರಡೂ ತಾಳೆಯಾಗುವುದಿಲ್ಲ ಅಂತ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

"ನನ್ ಗಂಟ್ಲು ನಂಗೊತ್ತಿಲ್ವಾ? ನೀನಾದ್ರೂ ಒಂದ್ ಮಾತು ಅನ್ನಣ್ಣ" ಅಂತ ಇಂದ್ರಾಣಿ ನನ್ನ ಕಡೆ ತಿರುಗಿದಳು. ನಾನು ಡೋಲಕ್ಕಿನ ಹಗ್ಗ ಬಿಗಿಯುತ್ತಾ ಕೂತೆ. ಮಾರನೇ ತಿಂಗಳು ಅವಳು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಸೇರಿದಳು. ಆಮೇಲೆ ದೇವರಿಗೆ ದೀಪ ಹಚ್ಚುವಾಗಲೂ ಒಂದು ಸಾಲು ಗುನುಗಲಿಲ್ಲ.

ಹೋದ ವರ್ಷ ನಮ್ಮ ಕೀಬೋರ್ಡಿನ ಮುನೀಂದ್ರ ತನ್ನ ಕಿವಿಯ ಅಚ್ಚಿಗೆ ಹೊಸ ಇಯರ್‌ಫೋನ್ ಮಾಡಿಸಿಕೊಂಡು ಹಳೆಯದನ್ನು ಸೆಲ್ವರಾಜನಿಗೆ ಕೊಟ್ಟ. ಹಳೆಯದು ಅಂದರೂ ಸ್ಟುಡಿಯೋದವರು ಹಾಕುವಂಥ ಭಾರೀ ಮಾಲು. ಕಡಲೆಬೀಜದಷ್ಟಿದ್ದು ಕಿವಿಯೊಳಗೇ ಹೊಕ್ಕು ಕೂರುತ್ತಿತ್ತು.

"ಬಾಟ್ಲಿಗೆ ಬಿರಡೆ ಆಕ್ದಂಗೈತೆ. ಇಷ್ಟ್ರಾಗೆ ಏನ್ಲಾ ಕೇಳ್ತದೆ?" ಅಂತ ಸೆಲ್ವರಾಜ್ ನಕ್ಕ. ಎರಡು ವಾರ ಅದು ಟಿವಿ ಪಕ್ಕದಲ್ಲಿ ಬಿದ್ದಿತ್ತು. ಆಮೇಲೆ ಬೆಂಗಳೂರಿಗೆ ಸಾಮಾನು ತರಲು ಹೋಗುವಾಗ ರೈಲಿನ ಗಲಾಟೆ ತಡೆಯಲಿ ಅಂತ ಹಾಕಿಕೊಂಡ. ಬಾಸ್, ಅಂದರೆ ದಪ್ಪ ದನಿ, ಸಾಲದು ಅಂತ ಗೊಣಗಿದ. ಇನ್ನೊಂದು ಸಲ ಹೋದಾಗ ಹಾಡುವವರು ಉಸಿರೆಳೆದುಕೊಳ್ಳುವುದು ಕೇಳಿಸಿತು. ತಿಂಗಳಾಗುವಷ್ಟರಲ್ಲಿ ಅದಿಲ್ಲದೆ ಮನೆಯಿಂದ ಹೊರಡುತ್ತಿರಲಿಲ್ಲ. "ತಾಳದ ಗುಂಗು ಆರೋದು ಕೂಡ ಕೇಳ್ತೈತೆ ಕಣ್ಲಾ ಮುನಿಸ್ವಾಮಿ. ಇಷ್ಟ್ ವರ್ಷ ಇದೆಲ್ಲಾ ಎಲ್ಲಿತ್ತೋ!" ಅಂದ. ನಾನು ಪೆದ್ದ, ಅವನ ಜೊತೆ ಖುಷಿಪಟ್ಟೆ.

ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಮನೆಗೆ ಕರೆಸಿದ. ಮುಖ ಬಿಳಚಿಕೊಂಡಿತ್ತು. ಬಂಗಾರಪೇಟೆಯ ಆ ಆರತಕ್ಷತೆಯ ದಿನ ಮಿಕ್ಸರಿನಿಂದ ನೇರವಾಗಿ ರೆಕಾರ್ಡ್ ಮಾಡಿಟ್ಟ ಪೆನ್‌ಡ್ರೈವ್ ಸಿಕ್ಕಿತ್ತಂತೆ. ಇಯರ್‌ಫೋನನ್ನು ನನ್ನ ಕಿವಿಗೆ ಸಿಕ್ಕಿಸಿದ. ಇಂದ್ರಾಣಿಯ ದನಿ ಕಿವಿಗೆ ಚುಚ್ಚಿತು. ಆದರೆ ಗಂಡುಗಾಯಕನ ದನಿಯೂ ಚುಚ್ಚಿತು. ನಿರೂಪಕ ವಧೂವರರ ಹೆಸರು ಓದಿದರೆ ಸಕಾರಗಳೆಲ್ಲ ಬುಸುಗುಟ್ಟಿದವು. ನನ್ನ ಡೋಲಕ್ಕೋ, ತಗಡು ಬಡಿದ ಹಾಗಿತ್ತು.

"ಎಲ್ಲಾರ ಗಂಟ್ಲೂ ಒಂದೇ ದಿನ ಕೆಡ್ತದಾ?" ಅಂದ ಸೆಲ್ವರಾಜ್. "ಟ್ರೆಬಲ್ ಕಣ್ಲಾ, ಮಿಕ್ಸರ್‌ನಾಗೆ ದನಿ ಚೂಪು ಮಾಡೋ ಗುಂಡಿ. ನನ್ ಕಿವೀಗೆ ದನಿ ಚೂಪು ಸಾಲ್ದು ಅಂತ ವರ್ಷ ವರ್ಷ ಏರಿಸ್ಕೊಂಡೇ ಬಂದಿದೀನಿ. ಅಪ್ಪನಂಗೇ ನನ್ ಕಿವೀನೂ ಓಗೈತೆ. ಈ ಬಿರಡೆ ಒಳಗಂಟ ಓಗಿದ್ಕೆ ಗೊತ್ತಾಯ್ತು."

ಫೋನಿನಲ್ಲಿ ಟ್ರೆಬಲ್ ಇಳಿಸಿದ. ಇಂದ್ರಾಣಿ ತಾರಸ್ಥಾಯಿಯಲ್ಲಿ ನಿಂತಿದ್ದಳು, ತುಂಬು ದನಿಯಲ್ಲಿ, ಒಂದು ಚೂರೂ ಅಲುಗದೆ. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಅಕ್ಕಿ ತೊಳೆಯುತ್ತಿದ್ದ ಇಂದ್ರಾಣಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೆರಗಿಗೆ ಕೈ ಒರೆಸುತ್ತಾ ಬಂದು ಇಯರ್‌ಫೋನ್ ಇಸಿದುಕೊಂಡು ಪೂರ್ತಿ ಹಾಡು ಕೇಳಿದಳು. ತೆಗೆದಿಟ್ಟು, ಅದೇ ಸಾಲನ್ನು ಹಾಡಲು ನೋಡಿದಳು. ಕೆಳಗಿನ ಸ್ವರ ಹೇಗೋ ಬಂತು. ಮೇಲೇರುತ್ತಿದ್ದ ಹಾಗೆ ದನಿ ಒಡೆದು, ಬರೀ ಗಾಳಿಯಾಗಿ ನಿಂತುಹೋಯಿತು.

"ಚೆನ್ನಾಗೇ ಐತೆ ಇಂದ್ರಾ" ಅಂದ ಸೆಲ್ವರಾಜ್. ಬರಿಗಿವಿಗೆ ಅವನಿಗೆ ಅಷ್ಟೇ ಗೊತ್ತಾಗಿದ್ದು.

ಅವಳು ಅವನನ್ನು ನೋಡಲಿಲ್ಲ. "ಅವತ್ತು ನೀವಂದಿದ್ದು ಸುಳ್ಳು. ಏಳು ವರ್ಷ ನನ್ ಬಾಯಿ ಮುಚ್ಸಿ ಅದ್ನೇ ನಿಜ ಮಾಡ್ಬುಟ್ರಿ" ಅಂತ ಮೆಲ್ಲಗೆ ಅಂದು ಒಳಗೆ ಹೋದಳು.

"ಏನಂದ್ಳು?" ಅಂತ ಸೆಲ್ವರಾಜ್ ನನ್ನನ್ನು ಕೇಳಿದ.

ಈ ಸಲ ನಾನು ಸುಮ್ಮನೆ ಕೂರಲಿಲ್ಲ. ಅವಳಂದ ಒಂದೊಂದು ಮಾತನ್ನೂ ಅವನಿಗೆ ಕೇಳುವ ಹಾಗೆ ಕೂಗಿ ಹೇಳಿದೆ.