ನರ್ಸರಿಗೆ ಮರಳಿದ ಬಳ್ಳಿ

ಭೀಮಪ್ಪ ಯಾದಗಿರಿ ಕಡೆಯವನು. ವರ್ತೂರಿನ ನರ್ಸರಿಯಿಂದ ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳಿಗೆ ಬಾಡಿಗೆ ಕುಂಡಗಳನ್ನು ಒಯ್ದಿಡುವುದು ಅವನ ಕೆಲಸ. ಎ.ಸಿ. ಗಾಳಿಗೆ ಮನಿಪ್ಲಾಂಟ್ ಬಹಳ ದಿನ ಬಾಳುವುದಿಲ್ಲ. ಸೊರಗಿದ್ದನ್ನು ತಂದು ನೆರಳುಬಲೆಯ ಕೆಳಗಿಡಬೇಕು, ಚಿಗುರಿದ ಇನ್ನೊಂದನ್ನು ಅದೇ ಜಾಗದಲ್ಲಿ ಇಟ್ಟುಬರಬೇಕು. ಗಿಡ ಬದಲಾದದ್ದು ಆಫೀಸಿನವರಿಗೆ ತಿಳಿಯುತ್ತಲೇ ಇರಲಿಲ್ಲ.

ತಿಳಿಯುತ್ತಿದ್ದದ್ದು ಅಂಥದ್ದೊಂದು ಆಫೀಸಿನಲ್ಲಿ ಕೆಲಸಕ್ಕಿದ್ದ ಶೋಭಾರಾಣಿ ಒಬ್ಬಳಿಗೆ.

"ಭೀಮಣ್ಣ, ನನ್ ಗಿಡ ಮಾತ್ರ ಮುಟ್ಬೇಡಿ. ನಾನೇ ನೋಡ್ಕೋತೀನಿ."

"ಆತ್ರೀ ಮೇಡಂ. ಅದರ ಹೆಸರಿಗೊಂದು ರೇಷನ್ ಕಾರ್ಡೂ ಮಾಡಸ್ರಿ."

ಊಟದ ಹೊತ್ತಿಗೆ ಅವಳು ಕುಂಡವನ್ನು ಕಿಟಕಿಯ ಬಳಿ ಇಟ್ಟು, ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತಿದ್ದಳು. ತೆಂಗಿನ ನಾರು ಸುತ್ತಿದ ಕೋಲು ಹಿಡಿದು ಬಳ್ಳಿ ಅವಳ ಕಂಪ್ಯೂಟರಿಗಿಂತ ಎತ್ತರ ಬೆಳೆದಿತ್ತು.

೨೦೧೧ರ ಮಳೆಗಾಲದಲ್ಲಿ ಅವಳು ಡೆಂಗಿ ಜ್ವರದಿಂದ ತೀರಿಕೊಂಡಳು. ಭೀಮಪ್ಪ ಆಗ ಊರಿಗೆ ಹೋಗಿದ್ದ. ಬದಲಿಗೆ ಬಂದವನು ಬಾಡಿದ ಆ ಗಿಡವನ್ನೂ ಉಳಿದವುಗಳ ಜೊತೆ ಗಾಡಿಗೆ ತುಂಬಿ ತಂದಿದ್ದ. ನರ್ಸರಿಯಲ್ಲಿ ಅದನ್ನು ಸವರಿ, ಕೋಲು ಬದಲಿಸಿ, ಸಾಲಿಗೆ ಸೇರಿಸಿಬಿಟ್ಟಿದ್ದರು.

ಅವಳ ತಾಯಿ ಭದ್ರಮ್ಮ ವಿಚಾರಿಸಿಕೊಂಡು ಚಿಕ್ಕಬಾಣಾವರದಿಂದ ನರ್ಸರಿಗೇ ಬಂದರು.

"ಫೋನ್ ಮಾಡಿದ್ರೆ ಆ ಗಿಡದ್ದೇ ಮಾತು ಕಣಪ್ಪ. ಅದೊಂದು ನಂಗ್ ಕೊಟ್ಬಿಡು."

ನೆರಳುಬಲೆಯ ಕೆಳಗೆ ನೂರಾರು ಬಳ್ಳಿಗಳು. ಎಲ್ಲಕ್ಕೂ ಒಂದೇ ಎತ್ತರ, ಒಂದೇ ಬಣ್ಣ. ಭೀಮಪ್ಪ ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡಿದ. ಗುರುತು ಸಿಗಲಿಲ್ಲ. ಇಲ್ಲವೆಂದು ಹೇಳಲು ಬಂದವನು ಆಕೆಯ ಮುಖ ಕಂಡು, ಚೆನ್ನಾಗಿ ಚಿಗುರಿದ್ದ ಒಂದು ಕುಂಡವನ್ನು ಎತ್ತಿಕೊಟ್ಟ.

"ಇದೇ ಏನಪ್ಪ?"

"ಹೌದ್ರೀ ಅವ್ವಾ."

ಕೆಲವು ವಾರಗಳ ಮೇಲೆ ಆಕೆಯ ಫೋನ್ ಬಂತು.

"ಕಿಟಕಿ ಬಿಟ್ಟು ಅವಳ ಫೋಟೋ ಕಡೀಕೇ ಹಬ್ತಾ ಐತೆ ಕಣಪ್ಪ. ಹೆಂಗ್ ಗುರುತು ಹಿಡೀತು ನೋಡು!"

"ಫೋಟೋಕ್ಕ ಲೈಟ್ ಹಾಕೀರೇನ್ರಿ?"

"ಹೂಂ, ಹಗಲೂ ರಾತ್ರಿ ಉರೀತೈತೆ."

ಬಳ್ಳಿ ಬೆಳಕಿನತ್ತ ವಾಲುತ್ತದೆಂದು ಹೇಳಬಹುದಿತ್ತು. "ಹೌದ್ರೀ ಅವ್ವಾ, ಗುರುತು ಹಿಡದೈತಿ," ಎಂದ.

ಅಂದಿನಿಂದ ಅವನಿಗೆ ತಾನು ಹೊರುವ ಪ್ರತಿ ಕುಂಡವೂ ಶೋಭಾರಾಣಿಯದೇ ಇರಬಹುದು ಅನ್ನಿಸತೊಡಗಿತು. ಇಲ್ಲಿ ಬಿಟ್ಟುಹೋದರೆ ಯಾರು ನೀರು ಹಾಕುತ್ತಾರೆ? ಲಿಫ್ಟಿನಲ್ಲಿ ಹೆಗಲಿಗೆ ಎಲೆ ತಾಗಿದರೆ, ಯಾರೋ ಕರೆದಂತಾಗಿ ತಿರುಗಿ ನೋಡುತ್ತಿದ್ದ. ಬುಡ ಕೊಳೆತು ತಿಪ್ಪೆ ಸೇರಿದ ಬಳ್ಳಿಗಳನ್ನೂ ಕೆದಕಿ ಹಸಿರು ಗೆಣ್ಣು ಹುಡುಕುತ್ತಿದ್ದ.

ನರ್ಸರಿ ಮಾಲೀಕ ಆವಲಪ್ಪ ನಕ್ಕ. "ಏನ್ಲಾ ಭೀಮಪ್ಪ, ತಿಪ್ಪೇಲಿ ನಿಧಿ ಗಿಧಿ ಐತಾ?"

"ಯಾವುದಂತ ಗೊತ್ತಿಲ್ರೀ," ಎಂದು ಭೀಮಪ್ಪ ಸಿಕ್ಕ ತುಂಡುಗಳನ್ನೆಲ್ಲ ನೀರಿನ ಬಕೆಟ್ಟಿಗೆ ಹಾಕಿದ.